ಪಟ್ಟಿಯ ಕೆಳಗಿನ ಪಾದಗಳು

ಕಳೆದ ವಾರ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯನ್ನು ಇಳಿಸಿ ಧೂಳು ಒರೆಸುವಾಗ ಹಳೆಯ ಸಿ.ಡಿ.ಗಳ ಕಟ್ಟೊಂದು ಸಿಕ್ಕಿತು. ಬಹುಪಾಲು ಬೂಸಲು ಹಿಡಿದಿದ್ದವು. ಒಂದರ ಮೇಲೆ ಮಾತ್ರ ನನ್ನದೇ ಅಕ್ಷರದಲ್ಲಿ 'ಸ್ಟುಡಿಯೋ' ಎಂದು ಬರೆದಿತ್ತು. ನಾನು ಕೆಲಸ ಮಾಡುವ ಶಾಲೆಯ ಲ್ಯಾಬಿನಲ್ಲಿ ಸಿ.ಡಿ. ಓದುವ ಕಂಪ್ಯೂಟರ್ ಇನ್ನೂ ಒಂದು ಉಳಿದಿದೆ. ಮಾರನೆಯ ದಿನ ಅದಕ್ಕೆ ಹಾಕಿ ನೋಡಿದೆ. ಅದು ಗೊರಗೊರ ಸದ್ದು ಮಾಡಿ, ಬಿಸಿಯಾಗಿ, ಕೊನೆಗೂ ಕೆಲವು ಫೈಲುಗಳನ್ನು ತೋರಿಸಿತು. ಹೆಚ್ಚಿನವು ತೆರೆಯಲಿಲ್ಲ. ತೆರೆದುಕೊಂಡ ಒಂದು ಚಿತ್ರದ ಆಕಾರವೇ ವಿಚಿತ್ರ. ಅಗಲಕ್ಕೆ ಇಡೀ ಪರದೆಯಷ್ಟು, ಎತ್ತರಕ್ಕೆ ಒಂದು ಬೆರಳಿನಷ್ಟು. ಅದರಲ್ಲಿ ಸಗಣಿ ಸಾರಿಸಿದ ಅಂಗಳದ ನೆಲ, ನಡುವೆ ಕಾಲುಂಗುರ ತೊಟ್ಟ ಒಬ್ಬ ಹೆಂಗಸಿನ ಪಾದಗಳು, ಅವುಗಳ ಮುಂದೆ ಒಂದು ಕಪ್ಪು ಮಚ್ಚೆ. ಅಷ್ಟೇ.

ಲ್ಯಾಬಿನಲ್ಲಿ ಮಕ್ಕಳು ಯಾರೂ ಇರಲಿಲ್ಲ, ಪುಣ್ಯ. ಟೀಚರಮ್ಮ ಕಾಲಿನ ಚಿತ್ರ ನೋಡಿಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದಳು ಎಂಬ ಸುದ್ದಿ ಊಟದ ಬೆಲ್ಲು ಹೊಡೆಯುವುದರೊಳಗೆ ಹಿರಿಯೂರು ತುಂಬ ಹಬ್ಬುತ್ತಿತ್ತು.

ಆ ಪಾದಗಳು ನಮ್ಮ ಅವ್ವನವಲ್ಲ, ನಮ್ಮ ಅತ್ತೆಯವೂ ಅಲ್ಲ. ಆ ಹೆಂಗಸನ್ನು ನಾನು ಕಣ್ಣಾರೆ ಕಂಡವಳೇ ಅಲ್ಲ. ಆಕೆ ಹೊಳಲ್ಕೆರೆಯಲ್ಲಿ ಫೋಟೊ ಸ್ಟುಡಿಯೋ ಇಟ್ಟುಕೊಂಡಿದ್ದ ಒಬ್ಬರ ತಾಯಿ. ನಾನು ಅವರನ್ನು ಎಂದೂ ಹೆಸರು ಹಿಡಿದು ಕರೆಯಲಿಲ್ಲ. ಎದುರಿಗೆ 'ಏನ್ರಿ' ಎನ್ನುತ್ತಿದ್ದೆ, ಬೇರೆಯವರ ಹತ್ತಿರ ಮಾತಾಡುವಾಗ 'ಸ್ಟುಡಿಯೋದವರು'. ಈಗಲೂ ಹಾಗೇ ಬರೆಯುತ್ತೇನೆ, ಅದೇ ನನ್ನ ಬಾಯಿಗೆ ಹೊಂದಿದ ಹೆಸರು.

ಎರಡು ಸಾವಿರದ ದಶಕದ ನಡುವಿನ ವರ್ಷಗಳವು. ನನ್ನೂರು ಆದಿವಾಲ. ಡಿಗ್ರಿ ಮುಗಿಸಿ, ಕಂಪ್ಯೂಟರ್ ಕೋರ್ಸೊಂದನ್ನು ಮಾಡಿಕೊಂಡು, ಚಿತ್ರದುರ್ಗದ ಸೋದರಮಾವನ ಮನೆಯಲ್ಲಿ ಇದ್ದೆ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೊಳಲ್ಕೆರೆಗೆ ಹೋಗಬೇಕು. ಅಲ್ಲಿ ಬಸ್ ಸ್ಟ್ಯಾಂಡಿಗೆ ಹತ್ತಿರದ ಕಟ್ಟಡವೊಂದರ ಮಹಡಿಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ಇತ್ತು. ನಾನು ಅಲ್ಲಿ ಕಲಿಸುವವಳು. ಕೆಳಗೆ ಅವರ ಸ್ಟುಡಿಯೋ. ಮಹಡಿಗೆ ಹೋಗುವ ಮೆಟ್ಟಿಲು ಅವರ ಬಾಗಿಲ ಪಕ್ಕದಲ್ಲೇ ಇದ್ದುದರಿಂದ ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಮುಖ ನೋಡಲೇಬೇಕಾಗುತ್ತಿತ್ತು. ಆಮೇಲಾಮೇಲೆ ನಾನು ನೀರು ತರುವ ನೆಪದಲ್ಲೂ ಇಳಿಯುತ್ತಿದ್ದೆ.

ಅವರು ಎತ್ತರದ ಆಳು. ಕ್ಯಾಮೆರಾಕ್ಕೆ ಬಗ್ಗಿ ಬಗ್ಗಿ ಬೆನ್ನು ಸ್ವಲ್ಪ ಬಾಗಿತ್ತು. ಎಡಗಣ್ಣು ಸದಾ ಕಿರಿದು, ಯಾರನ್ನೇ ನೋಡಲಿ ಅಳತೆ ತೆಗೆದುಕೊಳ್ಳುವವರ ಹಾಗೆ ನೋಡುತ್ತಿದ್ದರು. ಸ್ಟುಡಿಯೋದಲ್ಲಿ ಹಳೆಯ ಡಾರ್ಕ್ ರೂಮಿನ ಹುಳಿ ವಾಸನೆ ಇನ್ನೂ ಇತ್ತು. ಹಿಂದೆ ಬಣ್ಣ ಬಳಿದ ಒಂದು ದೊಡ್ಡ ಪರದೆ, ಅದರಲ್ಲಿ ಸರೋವರ, ಸರೋವರಕ್ಕೆ ಇಳಿಯುವ ಬಿಳಿ ಮೆಟ್ಟಿಲು, ಒಂದು ಹಂಸ. ಹೊಳಲ್ಕೆರೆಯ ಅರ್ಧ ಊರು ಆ ಸರೋವರದ ದಂಡೆಯಲ್ಲಿ ನಿಂತು ಫೋಟೊ ತೆಗೆಸಿಕೊಂಡಿದೆ. ಯಾರ ಮನೆಗೆ ಹೋದರೂ ಗೋಡೆಯ ಮೇಲೆ ಅದೇ ಹಂಸ.

ಅವರದೊಂದು ಹಟ ಇತ್ತು. ನಿಂತ ಫೋಟೊ ತೆಗೆದರೆ ಪಾದ ಕಾಣಲೇಬೇಕು. ಮದುವೆಯ ಗಲಾಟೆಯಲ್ಲೂ ಜನರ ಕಾಲಡಿಯ ಚಪ್ಪಲಿ, ಹೂವಿನ ಬುಟ್ಟಿ, ಮಕ್ಕಳು ಎಲ್ಲವನ್ನೂ ಸರಿಸಿಯೇ ಕ್ಯಾಮೆರಾ ಎತ್ತುತ್ತಿದ್ದರು. ಹೆಣ್ಣಿನ ಕಡೆಯವರು ಮುಹೂರ್ತ ಮೀರುತ್ತೆ ಎಂದು ರೇಗಿದರೂ ಕೇಳುತ್ತಿರಲಿಲ್ಲ. ನಮ್ಮ ಕಡೆ ಹಿರಿಯರು ಹೋದ ಮೇಲೆ ಅವರ ಫೋಟೊವನ್ನೇ ಎಡೆಯ ಮುಂದೆ ಇಟ್ಟು, ಪಾದದ ಹತ್ತಿರ ಹೂವು ಏರಿಸಿ ಅಡ್ಡ ಬೀಳುತ್ತೇವಲ್ಲ, ಅವರ ತಲೆಯಲ್ಲಿ ಇದ್ದದ್ದು ಅದು.

"ಮ್ಯಾಲಿನ ಚಪ್ಪರ ಹೋದ್ರೆ ಹೋಗ್ಲಿ ಟೀಚರೇ, ಕಾಲು ಹೋಗಬಾರ್ದು. ಕಾಲಿಲ್ದ ಫೋಟೊಕ್ಕೆ ಹೂವು ಎಲ್ಲಿ ಇಡ್ತಾರ್ರಿ?" ಎನ್ನುತ್ತಿದ್ದರು.

ಮದುವೆಯಲ್ಲಿ ಹೊಳೆಯುತ್ತ ನಿಂತಿರುವ ಇಪ್ಪತ್ತರ ಹುಡುಗಿಯನ್ನು ನೋಡುತ್ತಲೇ ಅವಳ ಮೊಮ್ಮಕ್ಕಳು ಹೂವು ಇಡುವ ದಿನವನ್ನು ಯೋಚಿಸುವ ಮನುಷ್ಯ. ನನಗೆ ಮೊದಮೊದಲು ಇದು ಅಪಶಕುನದ ಮಾತೆನಿಸುತ್ತಿತ್ತು. ಆಮೇಲೆ ಅಭ್ಯಾಸವಾಯಿತು, ಆಮೇಲೆ ಹಿಡಿಸಿತು.

ಅವರ ಹತ್ತಿರ ಹಳೆಯ ಕಂಪ್ಯೂಟರ್ ಒಂದಿತ್ತು, ಬೆನ್ನು ಉಬ್ಬಿದ ಗಾಜಿನ ಮಾನಿಟರಿನದು. ಗಿರಾಕಿಗಳು ತರುವ ಪೆನ್‌ಡ್ರೈವುಗಳಿಂದ ಅದಕ್ಕೆ ವಾರಕ್ಕೊಂದು ವೈರಸ್. ಒಂದು ಮದುವೆಯ ಫೋಟೊಗಳೆಲ್ಲ ಹಾಗೆ ಹಾಳಾದ ದಿನ ಅವರು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. ನಮ್ಮ ಕೇಂದ್ರದಲ್ಲಿ ಕಲಿಸುತ್ತಿದ್ದದ್ದು ಲಿನಕ್ಸ್, ವಿಂಡೋಸಿನ ಬದಲು ಹಾಕಿಕೊಳ್ಳುವ, ವೈರಸ್ಸಿನ ಕಾಟ ಕಡಿಮೆ ಇರುವ ವ್ಯವಸ್ಥೆ. ಪುಸ್ತಕದ ಜೊತೆ ಪುಕ್ಕಟೆ ಬರುತ್ತಿದ್ದ ಸಿ.ಡಿ. ಅದಕ್ಕೆ ಸಾಕಾಗುತ್ತಿತ್ತು. ನಾನು ಕೆಳಗಿಳಿದು ಹೋಗಿ ಅವರ ಕಂಪ್ಯೂಟರಿಗೂ ಅದನ್ನೇ ಹಾಕಿಕೊಟ್ಟೆ. ಅದರ ಗುರುತಾಗಿ ಪರದೆಯ ಮೇಲೆ ಬಂದ ಪೆಂಗ್ವಿನ್ನನ್ನು ಅವರು ಬಹಳ ಹೊತ್ತು ನೋಡಿ, ಇದು ಹಾರುತ್ತದೋ ಇಲ್ಲವೋ ಎಂದು ಕೇಳಿದರು. ಹಾರುವುದಿಲ್ಲ ಎಂದೆ. "ಹಂಗಾರೆ ನಮ್ಮ ಹಂಸದ ಜೊತೆ ಹೊಂದ್ಕಂಡು ಹೋಗ್ತೈತೆ ಬಿಡ್ರಿ" ಎಂದರು.

ಒಂದು ದಿನ ಅವರು ಚಿತ್ರದುರ್ಗದ ಕಲರ್ ಲ್ಯಾಬಿನಿಂದ ಹಳೆಯ ನೆಗೆಟಿವ್ ಒಂದನ್ನು ಸ್ಕ್ಯಾನ್ ಮಾಡಿಸಿ ತಂದರು. ಇದನ್ನು ಕಂಪ್ಯೂಟರ್ ಹಾಕಿದಾಗೆಲ್ಲ ಕಾಣುವ ಹಾಗೆ ಪರದೆಯ ತುಂಬ ಹಾಕಿಕೊಡಿ ಎಂದರು. ತೆರೆದೆ. ಹೊಸದುರ್ಗದ ಕಡೆಯ ಯಾವುದೋ ಹಳ್ಳಿಯ ಮನೆಯಂಗಳ, ಬೆಳಗಿನ ಬಿಸಿಲು, ನಡುವೆ ತಲೆಗೆ ಸೆರಗು ಹೊದ್ದು ನಿಂತ ಒಬ್ಬ ಹೆಂಗಸು. ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಸೀರೆಯ ಮಡಿಕೆ ಹಿಡಿದುಕೊಂಡಿದ್ದರು. ಬಿಸಿಲಿಗೆ ಕಣ್ಣು ಕಿರಿದಾಗಿತ್ತು. ಆ ಕಿರಿಗಣ್ಣು ಯಾರದ್ದೆಂದು ಹೇಳುವ ಅಗತ್ಯವೇ ಇರಲಿಲ್ಲ.

ಮೊದಲ ಕ್ಯಾಮೆರಾ ಕೈಗೆ ಬಂದಾಗ ಅವರು ತೆಗೆದ ಫೋಟೊ ಅದು. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಲ್ಲಬೇಕು ಎನ್ನುವುದೊಂದನ್ನು ಬಿಟ್ಟು ಬೇರೇನೂ ಅವರಿಗೆ ಆಗ ತಿಳಿದಿರಲಿಲ್ಲವಂತೆ. ಹಾಗಾಗಿ ಪಾದಗಳು ಚಿತ್ರದ ಕೆಳ ಅಂಚಿಗೆ, ಇನ್ನೇನು ಬಿಟ್ಟೇ ಹೋಗುತ್ತಿದ್ದವು ಎನ್ನುವಷ್ಟು ಹತ್ತಿರ ಬಂದಿದ್ದವು. ಜೊತೆಗೆ ಫೋಟೊ ತೆಗೆಯುತ್ತಿದ್ದ ಅವರದೇ ನೆರಳಿನ ತಲೆ ಅಂಗಳದ ಮೇಲೆ ಉದ್ದಕ್ಕೆ ಬಿದ್ದು ಅವ್ವನ ಕಾಲ ಬಳಿಗೆ ಬಂದಿತ್ತು. "ಕಲಿಯೋ ಕಾಲದ್ದು ನೋಡ್ರಿ, ನೆರಳು ಬಿದ್ದೈತೆ" ಎಂದು ನಾಚಿಕೊಂಡರು. ಆಕೆಯ ಬೇರೆ ನಿಂತ ಫೋಟೊ ಇರಲಿಲ್ಲ. ಊರಿಗೆಲ್ಲ ಫೋಟೊ ತೆಗೆಯುವ ಮಗ ಮನೆಯಲ್ಲೇ ಇರುವಾಗ ಯಾವತ್ತಾದರೂ ತೆಗೆದರಾಯಿತು ಎಂದುಕೊಂಡೇ ವರ್ಷಗಳು ಹೋಗಿದ್ದವು.

ಆಕೆ ತೀರಿಕೊಂಡ ದಿನ ಅವರು ದೂರದ ಊರೊಂದರಲ್ಲಿ ಮದುವೆಯ ಫೋಟೊ ತೆಗೆಯುತ್ತಿದ್ದರು. ಸುದ್ದಿ ಮುಟ್ಟಿ, ಬಸ್ಸು ಸಿಕ್ಕಿ, ಊರು ಸೇರುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು. ಇದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಅದೂ ಟ್ರೈಪಾಡಿನ ತಿರುಪು ಬಿಗಿಮಾಡುತ್ತ, ನನ್ನ ಕಡೆ ನೋಡದೆ. "ಕೊನೀಗೆ ಕಾಲು ಮುಟ್ಟಾಕಾಗ್ಲಿಲ್ಲ."

ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ. ನಾನು ಆ ಚಿತ್ರವನ್ನು ಪರದೆಯ ತುಂಬ ಹಾಕಿದೆ. ಅವರು ಹಿಂದೆ ಸರಿದು ನೋಡಿದರು. ನೋಡುತ್ತ ನೋಡುತ್ತ ಮುಖ ಇಳಿಯಿತು.

"ಅವ್ವನ ಕಾಲೆಲ್ಲಿ ಟೀಚರೇ?"

ಕಂಪ್ಯೂಟರಿನ ಕೆಳ ಅಂಚಿನಲ್ಲಿ ಬೂದು ಬಣ್ಣದ ಪಟ್ಟಿಯೊಂದು ಇರುತ್ತದಲ್ಲ, ಮೆನು, ಗಡಿಯಾರ, ತೆರೆದ ಪ್ರೋಗ್ರಾಮುಗಳ ಹೆಸರು ಎಲ್ಲ ಸಾಲಾಗಿ ಕೂತಿರುವ ಪ್ಯಾನೆಲ್ಲು, ಅದು ಸರಿಯಾಗಿ ಆ ತಾಯಿಯ ಪಾದಗಳ ಮೇಲೆ ಬಂದಿತ್ತು. ಯಾರೋ ಆಕೆಯನ್ನು ಮೊಣಕಾಲ ಕೆಳಗೆ ಸಿಮೆಂಟಿನಲ್ಲಿ ಹೂತಂತೆ ಕಾಣುತ್ತಿತ್ತು.

ನಾನು ಪಟ್ಟಿಯನ್ನು ಮೇಲಕ್ಕೆ ಸಾಗಿಸಿದೆ. ಸೆರಗು ಮುಚ್ಚಿ ಹೋಯಿತು. ಮೌಸು ಹತ್ತಿರ ಬಂದಾಗ ಮಾತ್ರ ಕಾಣುವ ಹಾಗೆ ಅಡಗಿಸಿಟ್ಟೆ. ಅದು ಒಂದು ದಿನ ನಡೆಯಿತು. ಮಾರನೆಯ ದಿನ ಅವರು, "ಬ್ಯಾಡ್ರಿ, ಅವ್ವನ ಕಾಲ್ಮ್ಯಾಲೆ ಬಾಗ್ಲು ಹಾಕಿ ತೆಗ್ದಂಗಾಗ್ತೈತೆ" ಎಂದರು. ಚಿತ್ರವನ್ನೇ ಚಿಕ್ಕದು ಮಾಡಿದರೆ ಸುತ್ತ ಕಪ್ಪು ಅಂಚು ಬಂದು ತಿಥಿಯ ಫೋಟೊದ ಹಾಗಾಯಿತು. ಅದನ್ನು ನಾನೇ ತೆಗೆದುಬಿಟ್ಟೆ.

ಉಳಿದದ್ದು ಪಟ್ಟಿಯನ್ನು ಪಾರದರ್ಶಕ ಮಾಡುವ ದಾರಿ. ಹಾಗೆ ಮಾಡಲು ಸೌಲಭ್ಯವೇನೋ ಇತ್ತು. ಆದರೆ ನಿಜವಾಗಿ ಹಿಂದಿನದು ಕಾಣಬೇಕೆಂದರೆ ಕಂಪೊಸಿಟಿಂಗ್ ಎನ್ನುವುದನ್ನು ಶುರು ಮಾಡಬೇಕು. ಅಂದರೆ ಪರದೆಯ ಮೇಲಿನ ಒಂದೊಂದು ಕಿಟಕಿಯನ್ನೂ ಕಂಪ್ಯೂಟರು ಬೇರೆಬೇರೆ ಹಾಳೆಯಲ್ಲಿ ಬರೆದುಕೊಂಡು, ಒಂದರ ಮೇಲೊಂದು ಬೆರೆಸಿ ತೋರಿಸಬೇಕು. ಅದಕ್ಕೆ ಕಸುವಿರುವ ಯಂತ್ರ ಬೇಕು. ಅವರದಕ್ಕೆ ಅದನ್ನು ಶುರು ಮಾಡಿದೊಡನೆ ಏದುಸಿರು ಬಂತು. ಮೌಸು ಒಂದು ಕಡೆ ಎಳೆದರೆ ಬಾಣದ ಗುರುತು ಆಮೇಲೆ ಯಾವಾಗಲೋ ಬರುತ್ತಿತ್ತು. ಕೊನೆಗೆ ಪರದೆ ಬೆಳ್ಳಗಾಗಿ ನಿಂತೇಬಿಟ್ಟಿತು. ಸ್ವಿಚ್ಚು ಆರಿಸಿ ಹಾಕಬೇಕಾಯಿತು. ಹೋಗಲಿ ಬಿಡ್ರಿ ಎಂದು ಅವರು ಅನ್ನಲಿಲ್ಲ, ಅದಕ್ಕೇ ನನಗೆ ಬಿಡಲಾಗಲಿಲ್ಲ.

ಭಾನುವಾರ ಚಿತ್ರದುರ್ಗದ ಸೈಬರ್ ಕೆಫೆಯಲ್ಲಿ ಕೂತು ಹುಡುಕಿದೆ. ಎಲ್ಲಿಯೋ ಒಬ್ಬ ಪುಣ್ಯಾತ್ಮ ಬರೆದಿದ್ದ ಉಪಾಯ ಸಿಕ್ಕಿತು. ಪಟ್ಟಿಯನ್ನು ಪಾರದರ್ಶಕ ಮಾಡುವ ಗೋಜಿಗೇ ಹೋಗಬೇಡ. ಪಟ್ಟಿ ಯಾವ ಭಾಗವನ್ನು ಮುಚ್ಚುತ್ತದೋ ಚಿತ್ರದ ಅದೇ ಭಾಗವನ್ನು ಕತ್ತರಿಸಿ, ಅದನ್ನೇ ಪಟ್ಟಿಯ ಮೈಮೇಲೆ ಹಿನ್ನೆಲೆಯಾಗಿ ಹಾಕು. ನೋಡುವವರಿಗೆ ಪಟ್ಟಿಯೇ ಇಲ್ಲವೇನೋ ಎನಿಸುತ್ತದೆ, ಯಂತ್ರಕ್ಕೂ ಭಾರವಿಲ್ಲ.

ಸೋಮವಾರ ಇದನ್ನು ಹೇಳಿದಾಗ ಅವರು ತಮ್ಮ ಸರೋವರದ ಪರದೆಯ ಕಡೆ ನೋಡಿ ನಕ್ಕರು. "ಇದು ನಮ್ಮ ಕಸುಬೇ ಅಲ್ಲೇನ್ರಿ. ತಡೀರಿ, ನಾನೇ ಅಳತೆ ತಗಂತೀನಿ" ಎಂದು ಫೋಟೊ ಕತ್ತರಿಸುವ ಮೇಜಿನಿಂದ ಅಡಿಪಟ್ಟಿ ತಂದರು. ಉಬ್ಬಿದ ಗಾಜಿನ ಮೇಲೆ ಮರದ ಪಟ್ಟಿ ಇಟ್ಟು, ಎಡಗಣ್ಣು ಮುಚ್ಚಿ, ಪ್ಯಾನೆಲ್ಲಿನ ಎತ್ತರವನ್ನು ಇಂಚಿನ ಲೆಕ್ಕದಲ್ಲಿ ಅಳೆದರು. ನಾನು ತಡೆಯಲಿಲ್ಲ. ನನಗೂ ನಗು ಬೇಕಿತ್ತು. ಕಲರ್ ಲ್ಯಾಬಿನವರು ಕೊಟ್ಟ, ಪರದೆಗಿಂತ ಎಷ್ಟೋ ಪಟ್ಟು ದೊಡ್ಡ ಚಿತ್ರದಿಂದ ಅವರು ಹೇಳಿದ ಇಂಚಿಗೆ ಕತ್ತರಿಸಿ ಹಾಕಿದೆ. ಪರದೆಯಲ್ಲಿ ಸೀರೆ ಸರಿಯಾಗಿ ಇಳಿದು ಬಂದಿತ್ತು, ಅದರ ಕೆಳಗೆ ಪಟ್ಟಿಯ ಉದ್ದಕ್ಕೂ ಬರೀ ನೆಲ, ಒಂದು ಕೊನೆಯಲ್ಲಿ ಕುಂಬಳಕಾಯಿ ಗಾತ್ರದ ಹೆಬ್ಬೆರಳು. ಅವರು ಬಾಯಿಗೆ ಕರ್ಚೀಫು ಹಿಡಿದು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು... ಆಮೇಲೂ ಅಷ್ಟಾಗಿ ನೋಡಲಿಲ್ಲ.

ಆಮೇಲೆ ಸರಿಯಾದ ರೀತಿಯಲ್ಲಿ ಮಾಡಿದೆ. ಪಟ್ಟಿಯನ್ನು ಅಡಗಿಸಿ, ಪರದೆ ಹೇಗಿದೆಯೋ ಹಾಗೆ ಅದರ ಚಿತ್ರ ಹಿಡಿದುಕೊಂಡೆ. ಅದರ ಬುಡದಿಂದ ಪ್ಯಾನೆಲ್ಲಿನಷ್ಟೇ ಎತ್ತರದ ತುಂಡು ಕತ್ತರಿಸಿದೆ. ಫೈಲುಗಳ ನಡುವೆ ಕಣ್ಣಿಗೆ ಬೀಳದ ಹಾಗೆ ಇರುವ ಒಂದು ಫೈಲಿನಲ್ಲಿ, ಪಟ್ಟಿಗೆ ಈ ತುಂಡನ್ನು ಹೊದಿಸು ಎಂದು ನಾಲ್ಕಾರು ಸಾಲು ಬರೆದೆ. ಕಂಪ್ಯೂಟರಿನಿಂದ ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಬೇಕಿತ್ತು, ಆದೆ.

ಅಂಗಳ ಕೆಳಗಿನವರೆಗೂ ಹರಡಿಕೊಂಡಿತು. ಪಾದಗಳು ಬಂದವು. ಓರೆಯಾಗಿ ಇಟ್ಟ ಕಾಲಿನ ಬಿರುಕು ಬಿಟ್ಟ ಹಿಮ್ಮಡಿ, ಸವೆದ ಕಾಲುಂಗುರ, ಮುಂದೆ ಅವರ ತಲೆಯ ನೆರಳು. ಮೆನು, ಗಡಿಯಾರ ಎಲ್ಲ ಆ ನೆಲದ ಮೇಲೆ ಇಟ್ಟ ಸಾಮಾನಿನ ಹಾಗೆ ಕೂತಿದ್ದವು.

ಅವರು ಚಪ್ಪಲಿ ಬಿಟ್ಟು ಮುಂದೆ ಬಂದರು. ನಾನು ಕುರ್ಚಿಯಿಂದ ಎದ್ದು ಜಾಗ ಕೊಟ್ಟೆ. ಬಗ್ಗಿ ಗಾಜಿನ ಮೇಲೆ ಬೆರಳು ಇಟ್ಟರು. ಹಳೆಯ ಮಾನಿಟರುಗಳಲ್ಲಿ ಗಾಜು ಮುಟ್ಟಿದರೆ ಚಿಟಿಚಿಟಿ ಎಂದು ಕರೆಂಟಿನ ಸದ್ದು ಬರುತ್ತಿತ್ತು, ಮುಂಗೈ ಕೂದಲು ಎದ್ದು ನಿಲ್ಲುತ್ತಿತ್ತು. "ಜುಮ್ ಅಂತೈತೆ ಟೀಚರೇ" ಎಂದರು. ಬೆರಳನ್ನು ಕಣ್ಣಿಗೆ ಒತ್ತಿಕೊಂಡರು. ನಾನು ಮೇಲೆ ಕ್ಲಾಸಿದೆ ಎಂದು ಸುಳ್ಳು ಹೇಳಿ ಮೆಟ್ಟಿಲು ಹತ್ತಿದೆ. ಅರ್ಧ ಹತ್ತಿ ನಿಂತುಕೊಂಡೆ. ನನಗೆ ಅವರೆಂದರೆ ಇಷ್ಟ ಎಂದು ಆ ಮೆಟ್ಟಿಲ ಮೇಲೆ ನನಗೆ ತಿಳಿಯಿತು. ಈಗ ಹೇಳಿದರೆ ಯಾರಿಗೂ ಏನೂ ನಷ್ಟವಿಲ್ಲ.

ಈ ಉಪಾಯದಲ್ಲಿ ಒಂದು ಹುಳುಕಿತ್ತು, ಆಗ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಹಿಂದಿನ ಚಿತ್ರ ಬದಲಾದರೂ ಪಟ್ಟಿಯ ತುಂಡು ಬದಲಾಗುವುದಿಲ್ಲ. ಸ್ಟುಡಿಯೋದವರಿಗೆ ಗಿರಾಕಿಗಳ ಫೋಟೊವನ್ನೂ ಅವ್ವನ ಚಿತ್ರದ ಜಾಗದಲ್ಲಿ ಪರದೆಯ ತುಂಬ ಹಾಕಿ, ಮಾನಿಟರನ್ನು ಬೆಂಚಿನ ಕಡೆ ತಿರುಗಿಸಿ ತೋರಿಸುವ ಅಭ್ಯಾಸ. ಹಾಗೆ ತೋರಿಸಿದಾಗೆಲ್ಲ ಯಾರದೇ ಫೋಟೊ ಇರಲಿ, ಕೆಳಗೆ ಅವರ ಅವ್ವನ ಪಾದ. ಚಿಕ್ಕಜಾಜೂರಿನ ರೈಲ್ವೆ ನೌಕರರೊಬ್ಬರು ಸಫಾರಿ ಸೂಟು ಹಾಕಿ ತೆಗೆಸಿಕೊಂಡ ಫೋಟೊದ ಕೆಳಗೆ ಕಾಲುಂಗುರ ಬಂದಾಗ, ಇದು ಯಾವ ಸೀಮೆ ಫ್ಯಾಷನ್ನು ಎಂದು ಅವರು ಬೇಜಾರು ಮಾಡಿಕೊಂಡರು. ನಾನು ಇಳಿದು ಬಂದು ಸರಿಮಾಡಿ ಕೊಡುತ್ತೇನೆ ಎಂದೆ. "ಇರ್ಲಿ ಬಿಡ್ರಿ, ಗಿರಾಕಿ ಹೋದ್ಮ್ಯಾಲೆ ಅವ್ವನ್ನ ಮತ್ತೆ ಹಾಕ್ತೀನಲ್ಲ" ಎಂದರು. ಪಟ್ಟಿ ಹಾಗೇ ಉಳಿಯಿತು.

ಆ ವರ್ಷದ ಬೇಸಿಗೆ ಹತ್ತಿರ ಬಂದಾಗ ಹಿರೇಗುಂಟನೂರು ಕಡೆಯ ಒಬ್ಬ ಮುದುಕರು ಬಂದರು. ಕುರಿ ಕಾಯುವವರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಕಂಬಳಿಯ ಮಡಿಕೆಯಿಂದ ಯಾರದೋ ಮದುವೆಯ ಗುಂಪು ಫೋಟೊ ಒಂದನ್ನು ತೆಗೆದು, ಅದರಲ್ಲಿ ಹಿಂದಿನ ಸಾಲಿನಲ್ಲಿ ನಿಂತ ಹೆಂಗಸನ್ನು ತೋರಿಸಿದರು. ಅವರ ಹೆಂಡತಿ. ಹೋಗಿ ತಿಂಗಳಾಗಿತ್ತು. ಆಕೆಯ ಬೇರೆ ಫೋಟೊ ಇಲ್ಲ. ಇದರಲ್ಲಿ ಮುಂದೆ ಕೂತವರ ತಲೆ ಅಡ್ಡ ಬಂದು ಮಂಡಿಯಿಂದ ಕೆಳಗೆ ಏನೂ ಕಾಣದು. ಮನೆಯಲ್ಲಿ ಇಟ್ಟು ಪೂಜೆ ಮಾಡಲು ಪೂರ್ತಿ ನಿಂತ ಫೋಟೊ ಬೇಕು, ಮುತ್ತೈದೆಯಾಗಿ ಹೋದವಳು ಎಂದರು.

ಅವತ್ತು ನಾನು ಅಲ್ಲೇ ಇದ್ದೆ. ಸ್ಟುಡಿಯೋದವರು ಆಕೆಯೊಬ್ಬಳನ್ನೇ ಗುಂಪಿನಿಂದ ಬಿಡಿಸಿ, ದೊಡ್ಡದು ಮಾಡಿ, ಎಂದಿನಂತೆ ಪರದೆಗೆ ಹಾಕಿ ಮಾನಿಟರು ತಿರುಗಿಸಿದರು. ಕೆಳಗೆ ಕಾಲೇನು ಕಾಣುವುದಿಲ್ಲ, ಏನು ಮಾಡೋಣ ಹೇಳಿ ಎಂದು ಕೇಳುವವರಿದ್ದರು. ಅಷ್ಟರಲ್ಲಿ ಮುದುಕರು ಬೆಂಚಿನಿಂದ ಎದ್ದರು. ಕೋಲು ಕೆಳಗಿಟ್ಟು, ಬಾಗಿಲ ಹತ್ತಿರ ಹೋಗಿ ಕೆರ ಬಿಟ್ಟು ಬಂದರು. ಪರದೆಯ ಕೆಳ ಅಂಚನ್ನೇ ನೋಡುತ್ತ ನಿಂತರು.

"ಇವೇ ನೋಡ್ರಪ್ಪ... ಹಿಮ್ಮಡಿ ಹಿಂಗೇ ಸೀಳಿದ್ವು. ಔಸ್ದಿ ಹಚ್ಚು ಅಂದ್ರೆ ಕೇಳ್ತಿರ್ಲಿಲ್ಲ."

ನಾನು ಸ್ಟುಡಿಯೋದವರ ಮುಖ ನೋಡಿದೆ. ಅವರು ಮಾನಿಟರಿನ ಮೇಲಿಂದ ಕೈ ತೆಗೆದರು. ಸುಮ್ಮನೇ ಇದ್ದುಬಿಟ್ಟಿದ್ದರೂ ನಡೆಯುತ್ತಿತ್ತು. ಆಮೇಲೆ, "ಯಜಮಾನ್ರೇ, ಅವು ನಮ್ಮವ್ವನ ಕಾಲು. ಕಂಪ್ಯೂಟರಿನಾಗೆ ಹಂಗೇ ಉಳ್ಕಂಡವೆ" ಎಂದರು.

ಮುದುಕರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬೆಂಚಿನ ಮೇಲೆ ಕೂತು ಕಂಬಳಿಯ ಅಂಚನ್ನು ಸರಿಮಾಡಿಕೊಂಡರು.

"ನಿಮ್ಮವ್ವನೂ ಕುರಿ ಹಿಂದೆ ತಿರುಗಿದೋರೇನಪ್ಪ?"

"ಇಲ್ರಿ. ಹೊಲ, ಮನೆ."

"ಕಾಲು ಮಾತ್ರ ಹಂಗೇ ಅವೆ." ಅವರು ಮತ್ತೆ ಪರದೆಯ ಕಡೆ ನೋಡಿದರು. "ಅವನ್ನೇ ಇಟ್ಟು ಕೊಡಾಕಾಗ್ತೈತಾ? ನಿಮ್ಮ ಮನಸ್ಸಿಗೆ ಬಂದ್ರೆ."

ವಾರ ಬಿಟ್ಟು ಬರ್ರಿ ಎಂದು ಸ್ಟುಡಿಯೋದವರು ಕಳಿಸಿದರು.

ಆ ವಾರವೆಲ್ಲ ಅವರು ಆ ಕೆಲಸಕ್ಕೆ ಕೈ ಹಾಕಲಿಲ್ಲ. ಸಾಮಾನ್ಯವಾಗಿ ಇಂಥ ಕೆಲಸಕ್ಕೆ ಸ್ಟುಡಿಯೋಗಳಲ್ಲಿ ಯಾರದಾದರೂ ಮೈ, ಯಾರದಾದರೂ ಕಾಲು ಜೋಡಿಸುವುದು ಹೊಸದೇನಲ್ಲ. ಅವರ ಹತ್ತಿರವೂ ಅಂಥ ಹತ್ತಾರು ಚಿತ್ರ ಇದ್ದವು. ಆದರೆ ಮುದುಕರು ಕೇಳಿದ್ದು ಇವನ್ನೇ. ತಮ್ಮ ಕೈಗೆ ಸಿಗದೆ ಹೋದ ಪಾದಗಳನ್ನು ಇನ್ನೊಬ್ಬರ ಮನೆಯ ಗೋಡೆಗೆ, ಇನ್ನೊಬ್ಬ ಹೆಂಗಸಿನ ಮೈಗೆ ಸೇರಿಸಿ ಕೊಡಬೇಕು. ಅಲ್ಲಿಗೆ ಹೋದ ಮೇಲೆ ಅವು ಅವ್ವನವಾಗಿ ಉಳಿಯುವುದಿಲ್ಲ. ನಾನು ಬೇಡ ಎನ್ನಿ ಎಂದು ಹೇಳಬೇಕೆಂದುಕೊಂಡೆ. ನನಗೆ ಹೊಟ್ಟೆಕಿಚ್ಚು ಎಂದೇ ಇಟ್ಟುಕೊಳ್ಳಿ. ಆ ಪಟ್ಟಿ ನಾನು ಕತ್ತರಿಸಿದ್ದು, ನಮ್ಮಿಬ್ಬರದು ಎನಿಸಿಬಿಟ್ಟಿತ್ತು.

ವಾರದ ಕೊನೆಗೆ ಅವರು ಮೆಟ್ಟಿಲ ಬುಡದಲ್ಲಿ ನಿಂತು ಕರೆದರು. ಹೋದೆ.

"ಮಾಡಿಬಿಡಾಣ ಟೀಚರೇ. ನಮ್ಮ ಮನ್ಯಾಗೆ ಅವ್ವನ ಕಾಲಿಗೆ ಬೀಳೋನು ನಾನೊಬ್ನೇ. ಅಲ್ಲಿ ಮಕ್ಳು, ಸೊಸೇರು, ಮೊಮ್ಮಕ್ಳು ಎಲ್ಲ ಅವರೆ. ಅವ್ವಂಗೆ ಜನ ಅಂದ್ರೆ ಇಷ್ಟ."

ಸೀರೆಯ ಕೆಳಭಾಗವನ್ನು ಅವರು ಜೋಡಿಸಿದರು. ಮೌಸು ಹಿಡಿದು ಸಣ್ಣ ಕೆಲಸ ಮಾಡುವುದು ಅವರಿಗೆ ಇನ್ನೂ ಒಗ್ಗದಿದ್ದುದರಿಂದ ಪಾದಗಳನ್ನು ಕೂರಿಸಿದ್ದು ನಾನು. ಲ್ಯಾಬಿನ ದೊಡ್ಡ ಚಿತ್ರದಿಂದ ತೆಗೆದುಕೊಂಡೆವು, ಸುತ್ತಲಿನ ಅಂಗಳದ ಸಮೇತ. ಎಲ್ಲ ಮುಗಿದಾಗ ಅವರು ಚಿತ್ರದ ಕೆಳಮೂಲೆಗೆ ಬೆರಳು ತೋರಿಸಿದರು.

"ಈ ನೆರಳು ಮಾತ್ರ ಅಳ್ಸಿಬಿಡ್ರಿ. ನನ್ನ ತಲೆ ಅವರ ಮನ್ಯಾಗ್ಯಾಕೆ."

ನಾನು ಪಕ್ಕದ ನೆಲದ ಮಣ್ಣಿನ ಬಣ್ಣ ತೆಗೆದು ತೆಗೆದು ಆ ನೆರಳಿನ ಮೇಲೆ ಹಚ್ಚಿದೆ. ಮೊದಲು ಕಿವಿ ಹೋಯಿತು, ಆಮೇಲೆ ಕ್ಯಾಮೆರಾ ಹಿಡಿದ ಕೈಯ ತುದಿ, ಕೊನೆಗೆ ತಲೆ. ಅವರು ನನ್ನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಮುದುಕರು ಬಂದು ಫೋಟೊ ನೋಡಿದರು. ಎರಡೂ ಕೈಯಲ್ಲಿ ಹಿಡಿದು, ಹಣೆಗೆ ಮುಟ್ಟಿಸಿ, ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸಿನ ಕಡೆ ನಡೆದರು.

ಮರುವರ್ಷ ನನ್ನ ಮದುವೆಯ ಮಾತು ಶುರುವಾಯಿತು. ಗಂಡಿನ ಕಡೆಯವರಿಗೆ ಕಳಿಸಲು ನಿಂತ ಫೋಟೊ ಬೇಕೆಂದು ಮಾವ ಹೇಳಿದರು. ಚಿತ್ರದುರ್ಗದಲ್ಲಿ ಸ್ಟುಡಿಯೋಗಳಿಗೆ ಬರವೇನಿರಲಿಲ್ಲ. ನಾನು ಹೊಳಲ್ಕೆರೆಯಲ್ಲೇ ತೆಗೆಸುತ್ತೇನೆ, ಪರಿಚಯದವರು ಎಂದೆ. ಹಸಿರು ರೇಷ್ಮೆ ಸೀರೆಯನ್ನು ಚೀಲದಲ್ಲಿ ಒಯ್ದು, ಮೇಲೆ ಕೇಂದ್ರದಲ್ಲಿ ಉಟ್ಟುಕೊಂಡು ಇಳಿದು ಬಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಅಂಥ ಫೋಟೊ ಯಾಕೆ ತೆಗೆಸುತ್ತಾರೆಂದು ಫೋಟೊ ತೆಗೆಯುವವರಿಗೆ ಗೊತ್ತಿರುವುದಿಲ್ಲವೇ?

ಸರೋವರದ ಮುಂದೆ ನಿಂತೆ. ಅವರು ದೀಪಗಳನ್ನು ಸರಿಸಿದರು, ಮತ್ತೆ ಸರಿಸಿದರು. ನನ್ನ ಸೀರೆಯ ನೆರಿಗೆ ನೆಲಕ್ಕೆ ಬಿದ್ದಿತ್ತು. "ಸೀರೆ ಒಂಚೂರು ಮ್ಯಾಲಕ್ಕೆ ಹಿಡೀರಿ ಟೀಚರೇ, ಕಾಲು ಕಾಣ್ಲಿ" ಎಂದರು. ಹಿಡಿದೆ. ಅವರು ಕ್ಯಾಮೆರಾದ ಹಿಂದೆ ಬಗ್ಗಿ ಬಹಳ ಹೊತ್ತು ಇದ್ದರು. ಏನಾದರೂ ಹೇಳುತ್ತಾರೆಂದು ಕಾದೆ. ಹೇಳಿದ್ದು, "ಗದ್ದ ಸ್ವಲ್ಪ ಎತ್ರಿ." ಎತ್ತಿದೆ. ಫ್ಲ್ಯಾಷ್ ಬಂತು. ಆ ಫೋಟೊದಲ್ಲಿ ನನ್ನ ಕಣ್ಣು ಹೊಳೆಯುತ್ತಿದೆ ಎಂದು ನಮ್ಮ ಯಜಮಾನರು ಈಗಲೂ ಹೇಳುತ್ತಿರುತ್ತಾರೆ, ಆ ಫೋಟೊ ನೋಡಿಯೇ ಒಪ್ಪಿದ್ದಂತೆ. ಒಳ್ಳೆಯ ಮನುಷ್ಯ, ನನಗೆ ಅವರ ಮೇಲೆ ಯಾವ ದೂರೂ ಇಲ್ಲ.

ಕೆಲಸ ಬಿಡುವ ದಿನ ಕೇಂದ್ರದ ಫೈಲುಗಳನ್ನು ಸಿ.ಡಿ.ಗೆ ತುಂಬಿಕೊಳ್ಳುವಾಗ, ಕೆಳಗಿಳಿದು ಅವರ ಕಂಪ್ಯೂಟರಿನಿಂದ, ನೆರಳಿನ ಸಮೇತ ಇದ್ದ ಆ ಪಟ್ಟಿಯ ತುಂಡನ್ನೂ ತೆಗೆದುಕೊಂಡೆ. ಇದ್ಯಾಕೆ ಎಂದರು. ಮುಂದೆ ಮಕ್ಕಳಿಗೆ ಪಾಠ ಹೇಳಲು ಎಂದೆ. ತಲೆ ಆಡಿಸಿದರು. ಮದುವೆಗೆ ಕರೆದಿದ್ದೆ. ಅವತ್ತೇ ಬೇರೆ ಮದುವೆಯ ಆರ್ಡರ್ ಇದೆ ಎಂದು ಹೇಳಿ ಕಳಿಸಿದರು. ಇದ್ದಿರಲೂಬಹುದು... ಮದುವೆಯ ಕಾಲವಲ್ಲವೇ.

ಹಿರಿಯೂರಿಗೆ ಬಂದೆ, ಶಾಲೆಗೆ ಸೇರಿದೆ, ಮಗಳು ಹುಟ್ಟಿದಳು. ಹೊಳಲ್ಕೆರೆ ಅಂಥ ದೂರವೇನಲ್ಲ. ಆದರೆ ಹೋಗಲು ಕಾರಣ ಬೇಕು, ಕಾರಣ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ, ಆ ಊರಿಗೆ ಮದುವೆ ಮಾಡಿಕೊಟ್ಟಿದ್ದ ಸೋದರಮಾವನ ಮಗಳ ಸೀಮಂತಕ್ಕೆ. ಬಸ್ಸಿಳಿದು ಮೊದಲು ಆ ಕಟ್ಟಡದ ಹತ್ತಿರ ನಡೆದೆ. ಸ್ಟುಡಿಯೋ ಇದ್ದಲ್ಲಿ ಮೊಬೈಲ್ ಅಂಗಡಿ. ಮೆಟ್ಟಿಲು ಹಾಗೇ ಇತ್ತು. ಅಂಗಡಿಯಾತನನ್ನು ಕೇಳಿದೆ. ಅವರು ಹೋಗಿ ವರ್ಷದ ಮೇಲಾಯಿತು, ಹೃದಯದ ತೊಂದರೆ ಎಂದ. ಮದುವೆ ಮಾಡಿಕೊಂಡಿದ್ದರೇ ಎಂದು ಕೇಳಬಾರದಿತ್ತು, ಕೇಳಿದೆ. ಇಲ್ಲವಂತೆ.

"ಒಂದು ವಿಚಿತ್ರ ನೋಡ್ರಿ ಅಕ್ಕಾರೆ" ಎಂದ ಆತ. "ಕಾರ್ಯಕ್ಕೆ ಇಡಾಕೆ ಅವರ್ದೊಂದು ಫೋಟೊ ಹುಡುಕಿದ್ರೆ ಎಲ್ಲೂ ಇಲ್ಲ. ಊರಿಗೆಲ್ಲ ತೆಗ್ದೋರು. ಕೊನೀಗೆ ವೋಟರ್ ಕಾರ್ಡಿಂದೇ ದೊಡ್ಡದು ಮಾಡ್ಸಿದ್ರು. ಬರೀ ಮುಖ. ಅದೂ ಗುರ್ತು ಸಿಗ್ತಿರ್ಲಿಲ್ಲ."

ಹೂವು ಎಲ್ಲಿ ಇಟ್ಟರು ಎಂದು ಕೇಳಬೇಕೆನಿಸಿತು. ಆತನಿಗೆ ಅದು ಅರ್ಥವಾಗುತ್ತಿರಲಿಲ್ಲ. ಸೀಮಂತದ ಮನೆಯ ದಾರಿ ಕೇಳಿಕೊಂಡು ನಡೆದೆ.

ಈಗ ಆ ಸಿ.ಡಿ. ಸಿಕ್ಕ ಮೇಲೆ ಚಿತ್ರವನ್ನು ಫೋನಿಗೆ ಹಾಕಿಕೊಂಡು ಮನೆಗೆ ತಂದೆ. ಮನೆಯ ಲ್ಯಾಪ್‌ಟಾಪಿನಲ್ಲಿ ಪಟ್ಟಿಯನ್ನು ಪಾರದರ್ಶಕ ಮಾಡಲು ಈಗ ಏನೂ ಕಷ್ಟವಿಲ್ಲ. ಒಂದು ಗುಂಡಿಯನ್ನು ಆ ಕಡೆ ಎಳೆದರೆ ಆಯಿತು, ಹಿಂದೆ ಏನಿದೆಯೋ ಅದೇ ಕಾಣುತ್ತದೆ. ನಾನು ಹಾಗೆ ಮಾಡಲಿಲ್ಲ. ಹಳೆಯ ರೀತಿಯಲ್ಲೇ ಆ ತುಂಡನ್ನು ಪಟ್ಟಿಗೆ ಹೊದಿಸಿದೆ. ಅಗಲ ಸಾಲದೆ ಬಲಗಡೆ ಸ್ವಲ್ಪ ಖಾಲಿ ಉಳಿಯಿತು, ಉಳಿಯಲಿ. ಮೇಲೆ ನಮ್ಮ ಮನೆಯವರೆಲ್ಲ ವಾಣಿವಿಲಾಸ ಸಾಗರದ ಹತ್ತಿರ ನಿಂತು ತೆಗೆಸಿಕೊಂಡ ಫೋಟೊ, ಅದರ ಬುಡದಲ್ಲಿ ಆ ಪಾದಗಳು.

ನೆನ್ನೆ ಸಂಜೆ ಮಗಳು ಬಂದು ಹೆಗಲ ಮೇಲೆ ಗದ್ದ ಊರಿ ನೋಡಿದಳು.

"ಯಾರ ಕಾಲಮ್ಮ ಇವು?"

"ನಮಗೆ ಬೇಕಾದೋರ ತಾಯಿದು."

"ಚೆನ್ನಾಗೈತೆ. ಆದ್ರೆ ಮುಂದೆ ಒಂದು ಕಪ್ಪು ಕಲೆ ಐತಲ್ಲ. ನನ್ನ ಫೋನಿನಾಗೆ ಬೆರಳಾಡಿಸಿದ್ರೆ ಹೋಗ್ತೈತೆ. ಅಳಿಸಿ ಕೊಡ್ಲಾ?"

ನಾನು ಅವಳ ಕೈ ಹಿಡಿದುಕೊಂಡೆ. ಬಲವಾಗಿಯೇ ಹಿಡಿದೆನೇನೋ, ಅವಳು ತಿರುಗಿ ನನ್ನ ಮುಖ ನೋಡಿದಳು.

"ಬ್ಯಾಡವ್ವ" ಎಂದೆ. "ಅವರದು ಅಂತ ನನ್ನ ಹತ್ರ ಇರೋ ಫೋಟೊ ಅದೊಂದೇ."